ಹಳೇ ಗಾಡಿಗೊಂದು ಚಕ್ಕುಬಂದಿ

ಕಾಗದ ಓದುವುದರಲ್ಲಿ ನನ್ನನ್ನು ಮೀರಿಸುವವರು ಬಸವಕಲ್ಯಾಣ ತಾಲೂಕಿನಲ್ಲಿ ಇಲ್ಲ ಎಂದು ನಾನು ಹೇಳಿದರೆ ಅದು ಜಂಬ ಅಲ್ಲ, ವರದಿ. ಉಪನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಹೊಲ ಮಾರುವವರ, ಮನೆ ಕೊಳ್ಳುವವರ, ಪಾಲು ಹಂಚಿಕೊಂಡ ಅಣ್ಣತಮ್ಮಂದಿರ ಕಾಗದಗಳೆಲ್ಲ ನನ್ನ ಕನ್ನಡಕದ ಕೆಳಗೆ ಹಾದುಹೋಗಿವೆ. ಮೋರಖಂಡಿಯ ಒಂದು ಕ್ರಯಪತ್ರದಲ್ಲಿ ಹೊಲದ ಪೂರ್ವಕ್ಕೂ ಹಳ್ಳ, ಪಶ್ಚಿಮಕ್ಕೂ ಅದೇ ಹಳ್ಳ ಎಂದು ಬರೆದದ್ದನ್ನು ಹಿಡಿದವನು ನಾನು. ಮಂಠಾಳದ ಒಬ್ಬರು ತಾವು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಸಾಕ್ಷಿ ಸಹಿ ಹಾಕಿದ್ದನ್ನು ಹಿಡಿದವನೂ ನಾನೇ. ತಾರೀಖಿನ ಮೇಲೆ ಒಂದು ಮಸಿ ಚುಕ್ಕೆ ಬಿದ್ದಿದ್ದರೂ ಸಾಕು, ಕಾಗದ ವಾಪಸ್. "ತಾರೀಖು ಕಾಣದ ಕಾಗದ ಕಾಗದವೇ ಅಲ್ಲ" ಎಂದು ನಾನು ಹೇಳುತ್ತಿದ್ದುದನ್ನು ಕಚೇರಿಯಲ್ಲಿ ಇನ್ನೂ ನೆನೆಸುತ್ತಾರಂತೆ. ಹೊಗಳಿ ನೆನೆಸುತ್ತಾರೋ ಬೈದು ನೆನೆಸುತ್ತಾರೋ ಕೇಳಿಲ್ಲ.

ಇಂಥವನಿಗೆ ಒಂದು ಕಾರಿನ ಇನ್ಶುರನ್ಸ್ ಯಾವ ಲೆಕ್ಕ ಎಂದುಕೊಂಡೆ.

ನನಗೆ ಎಪ್ಪತ್ತೊಂದು, ಗಾಡಿಗೆ ಹನ್ನೊಂದು. ನಿವೃತ್ತಿಯಾದ ವರ್ಷ ಕೊಂಡದ್ದು. ಅರವತ್ತನೇ ವಯಸ್ಸಿಗೆ ಡ್ರೈವಿಂಗ್ ಕಲಿತೆ. ಕಲಿಸಿದವರು ಪಕ್ಕದ ಮನೆಯ ಖಾಜಾಭಾಯಿ. ಅವರು ಜೀವನವಿಡೀ ಸರಕಾರಿ ಬಸ್ಸು ಹೊಡೆದವರು. ಆದ್ದರಿಂದ ನಾನು ಇವತ್ತಿಗೂ ಸಣ್ಣ ಕಾರನ್ನು ಬಸ್ಸು ತಿರುಗಿಸಿದಷ್ಟು ಅಗಲಕ್ಕೆ ತಿರುಗಿಸುತ್ತೇನೆ. ಎದುರಿನವರು ದಾರಿ ಬಿಡುತ್ತಾರೆ.

ಹದಿನೈದು ದಿನಕ್ಕೊಮ್ಮೆ ನಾನೂ ನಮ್ಮಾಕಿಯೂ ಹುಮನಾಬಾದಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಮಗಳು ಸವಿತಾ ಇದ್ದಾಳೆ, ಶಾಲೆಯಲ್ಲಿ ಟೀಚರು. ನಮ್ಮಾಕಿಯ ಮೊಳಕಾಲು ನೋವಿಗೆ ನೋಡುವ ಡಾಕ್ಟರೂ ಅಲ್ಲೇ ಇದ್ದಾರೆ. ಬಸ್ಸಿನ ಮೆಟ್ಟಿಲು ಹತ್ತುವುದು ಆಕೆಗೆ ಕಷ್ಟ, ಅದಕ್ಕೇ ಗಾಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಖರೆ ಕಾರಣ ಬೇರೆ. ಮನೆಯಲ್ಲಿ ನಾವಿಬ್ಬರು ಮಾತಾಡುವುದು ಗ್ಯಾಸು, ಕರೆಂಟು, ಹಾಲಿನವರು ಇಷ್ಟೇ. ಗಾಡಿ ಬಂಗ್ಲಾ ಕ್ರಾಸ್ ದಾಟಿತೆಂದರೆ ಮಾತ್ರ ಆಕೆ ಬಾಯಿ ಬಿಡುತ್ತಾಳೆ. ತವರೂರು ಘಾಟಬೋರಾಳದ ಸುದ್ದಿ, ಅಲ್ಲಿಯ ಕಾಕಾ ಮಾರಿದ ಎಮ್ಮೆಯ ಸುದ್ದಿ, ನಮ್ಮ ಮದುವೆಯಲ್ಲಿ ಯಾರು ಯಾರ ಮೇಲೆ ಸಿಟ್ಟಾದರು ಎಂಬ ಸುದ್ದಿ. ರಾಜೇಶ್ವರದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತೇವೆ, ಆಮೇಲೆ ಉಳಿದರ್ಧ ಹೇಳುತ್ತಾಳೆ. ಎಮ್ಮೆಯ ಸುದ್ದಿ ಮಾತ್ರ ಎಂದೂ ಮುಗಿದಿಲ್ಲ, ಅಷ್ಟರಲ್ಲಿ ಮಗಳ ಮನೆ ಬಂದುಬಿಡುತ್ತದೆ. ಈ ಮಾತು ಕೇಳುವುದಕ್ಕೇ ನಾನು ಗಾಡಿ ನಡೆಸುತ್ತೇನೆ ಎಂದು ಯಾರಿಗೂ ಹೇಳಿಲ್ಲ, ಆಕೆಗೂ ಹೇಳಿಲ್ಲ.

ಮಗಳ ಮನೆ ಬರುತ್ತದೆ ಎಂದೆನಲ್ಲ, ಅದಕ್ಕೆ ಮೊದಲು ಆ ಮನೆಯ ಗೇಟಿನ ಎಡಗಂಬ ಬರುತ್ತದೆ. ಅದನ್ನು ನಾನು ಮೂರು ಸಲ ಮುಟ್ಟಿದ್ದೇನೆ. ನನ್ನ ಅಳಿಯ ಜಗದೀಶ ಮಾತು ಕಡಿಮೆಯ ಮನುಷ್ಯ, ಮೂರು ಸಲವೂ ಏನೂ ಅನ್ನದೆ ಕಂಬಕ್ಕೆ ಬಣ್ಣ ಹಚ್ಚಿದ. ಸವಿತಾ ಹಾಗಲ್ಲ.

"ಅಪ್ಪಾಜಿ, ಈ ಸಲ ಇನ್ಶುರನ್ಸ್ ಮುಗದ ಮ್ಯಾಲ ಗಾಡಿ ಮಾರಿಬಿಡ್ರಿ," ಎಂದಳು, ಮೂರನೇ ಸಲದ ಬಣ್ಣ ಇನ್ನೂ ಒಣಗಿರಲಿಲ್ಲ.

"ಯಾಕ ಮಾರಬೇಕು?"

"ಎಪ್ಪತ್ತೊಂದು ಆದ್ವು ನಿಮಗ. ಹಳೇ ಗಾಡಿ, ಹಳೇ ಡ್ರೈವರ್. ನಾಳಿಗೆ ಏನರ ಆದ್ರ ಯಾವ ಕಂಪನಿ ಕೊಡ್ತದ? ಅವ್ವನ್ನ ಬ್ಯಾರೆ ಬಾಜೂಕ ಕೂಡಿಸ್ಕೊಂಡು ಹೊಡೀತೀರಿ."

"ಕೊಡ್ತೀವಿ ಅಂತ ಕಂಪನಿ ಬರದು ಕೊಟ್ರ?"

ಅವಳು ಸ್ವಲ್ಪ ಯೋಚಿಸಿದಳು. "ಪೂರ್ತಿ ಇನ್ಶುರನ್ಸ್ ಕೊಟ್ರ ಹೊಡೀರಿ, ನಾ ಏನೂ ಅನ್ನೂದಿಲ್ಲ. ಆದ್ರ ಕಾಗದ ಎಲ್ಲಾ ಬರೋಬ್ಬರಿ ಇರಬೇಕು. ಒಂದು ಕಾಗದ ಹೆಚ್ಚುಕಮ್ಮಿ ಇತ್ತಂದ್ರ ಕೀಲಿ ನನ್ನ ಕೈಯಾಗ."

ಸವಾಲು ಹಾಕಿದ್ದು ಕಾಗದದ ವಿಷಯದಲ್ಲಿ, ಹಾಕಿದ್ದು ನನಗೆ. ನಾನು ಕೈಯಲ್ಲಿದ್ದ ಚಹಾ ಮುಗಿಸುವ ಮೊದಲೇ ಒಪ್ಪಿಕೊಂಡೆ. ಅಂದಿಗೆ ಪಾಲಿಸಿ ಮುಗಿಯಲು ಹತ್ತು ದಿನ ಉಳಿದಿದ್ದವು.

ನಮ್ಮ ಇನ್ಶುರನ್ಸ್ ಏಜೆಂಟ್ ವೈಜನಾಥ ಹುಮನಾಬಾದಿನವನು. ಪ್ರತಿ ವರ್ಷ ಅವನೇ ಏನೋ ಒಂದು ಮಾಡಿಸಿ ಕಳಿಸುತ್ತಿದ್ದ, ನಾನು ಇಟ್ಟುಕೊಳ್ಳುತ್ತಿದ್ದೆ. ಈ ಸಲ ಹಾಗೆ ಬಿಡಲಿಲ್ಲ. ಫೋನ್ ಮಾಡಿ ಮನೆಗೇ ಕರೆಸಿದೆ. ಉದ್ದನೆಯ ಹಾಳೆಯಲ್ಲಿ ಇಪ್ಪತ್ತಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಪಾಪ, ಅವನು ಕಟ್ಟೆಯ ಮೇಲೆ ಕೂತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ.

"ಮೊದಲನೇ ಪ್ರಶ್ನಿ," ಎಂದೆ. "ನನಗ ಎಪ್ಪತ್ತೊಂದು. ಇದಕ್ಕ ಎಷ್ಟು ಹೆಚ್ಚಿಗಿ ಕಟ್ಟಬೇಕು?"

"ಏನೂ ಇಲ್ರಿ ಕಾಕಾ."

"ಏನೂ ಇಲ್ಲಂದ್ರ ಹ್ಯಾಂಗ?"

"ನಮ್ಮಲ್ಲಿ ಗಾಡಿ ವಯಸ್ಸ ನೋಡಿ ರೇಟ್ ಹಾಕ್ತಾರ್ರಿ. ನಿಮ್ಮ ವಯಸ್ಸ ಯಾರ ಕೇಳ್ತಾರ?"

ನನ್ನ ವಯಸ್ಸಿನ ಪರವಾಗಿ ವಾದಿಸಲು ಎರಡು ಪುಟ ಸಿದ್ಧಮಾಡಿದ್ದೆ. ಕಣ್ಣು ಪರೀಕ್ಷೆಯ ಚೀಟಿ, ಸಕ್ಕರೆ ಪರೀಕ್ಷೆಯ ಚೀಟಿ, ಬಿಪಿ ಚೀಟಿ ಎಲ್ಲ ಪಿನ್ ಹಾಕಿ ಇಟ್ಟಿದ್ದೆ. ಕಂಪನಿಗೆ ಅದು ಯಾವುದೂ ಬೇಕಾಗಿರಲಿಲ್ಲ. ಸಂತೋಷವಾಗಬೇಕಿತ್ತು, ಆದರೆ ಸ್ವಲ್ಪ ಬೇಸರವೇ ಆಯಿತು.

ಆಮೇಲೆ ಗಾಡಿಯ ವಯಸ್ಸಿಗೆ ಬಂದೆವು. ಹನ್ನೊಂದು ವರ್ಷದ ಗಾಡಿಗೆ ಕಂಪನಿ ಕಟ್ಟಿದ ಬೆಲೆಯನ್ನು ವೈಜನಾಥ ಮೊಬೈಲಿನಲ್ಲಿ ತೋರಿಸಿದ. ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ, ಬೆಲೆ ಹೆಚ್ಚಾಗಲಿಲ್ಲ. ಚಹಾ ತಂದ ನಮ್ಮಾಕಿಯೂ ಬಗ್ಗಿ ನೋಡಿದಳು. ಘಾಟಬೋರಾಳದ ಹೆಣ್ಣುಮಗಳು, ಆಕೆಯ ತಕ್ಕಡಿಯೇ ಬೇರೆ.

"ಇಷ್ಟಕ್ಕ ಒಂದು ಚಲೋ ಎಮ್ಮಿ ಸುದ್ದಾ ಬರೂದಿಲ್ಲ," ಎಂದು ಒಳಗೆ ಹೋದಳು.

ವೈಜನಾಥ ಒಳ್ಳೆಯ ಮನುಷ್ಯ, ಸಮಾಧಾನದಿಂದ ಎಲ್ಲ ತಿಳಿಸಿ ಹೇಳಿದ. ಬರೇ ಥರ್ಡ್ ಪಾರ್ಟಿ ತೆಗೆದುಕೊಂಡರೆ ಅಗ್ಗ. ನಾನು ಮಂದಿಗೆ ಗುದ್ದಿದರೆ ಕಂಪನಿ ಮಂದಿಗೆ ಕೊಡುತ್ತದೆ, ನನ್ನ ಗಾಡಿಯ ರಿಪೇರಿ ನನ್ನದು. ಪೂರ್ತಿ ತೆಗೆದುಕೊಂಡರೆ ನನ್ನ ಗಾಡಿಗೂ ಕೊಡುತ್ತದೆ, ಆದರೆ ಹಳೆಯ ಗಾಡಿಯ ಬಿಡಿಭಾಗಕ್ಕೆ ಅರ್ಧಮರ್ಧ ಹಿಡಿದುಕೊಂಡೇ ಕೊಡುತ್ತದೆ. ಆರು ವರ್ಷದಿಂದ ನಾನು ಒಂದೂ ಕ್ಲೇಮ್ ಮಾಡಿಲ್ಲವಾದ್ದರಿಂದ ನೋ ಕ್ಲೇಮ್ ಬೋನಸ್ ಎಂದು ಒಂದಿಷ್ಟು ಮಾಫಿ ಇದೆ. ಕಂಬದ ಖರ್ಚೆಲ್ಲ ಅಳಿಯನ ಬಣ್ಣದಲ್ಲೇ ಮುಗಿದಿದ್ದರಿಂದ ಈ ಬೋನಸ್ ಉಳಿದಿತ್ತು.

"ಕಾಕಾ, ನನ್ನ ಮಾತು ಕೇಳ್ರಿ," ಎಂದ ಕೊನೆಗೆ. "ಈ ಗಾಡಿಗೆ ಥರ್ಡ್ ಪಾರ್ಟಿ ಒಂದು, ನಿಮ್ಮ ಸ್ವಂತ ಅಪಘಾತದ್ದ ಒಂದು. ಎರಡು ಸಾಕು."

ಎರಡು ಸಾಕಾಗುವುದಾದರೆ ನಾನು ಯಾಕೆ? ಮಗಳಿಗೆ ಪೂರ್ತಿ ಎಂದು ಹೇಳಿ ಬಂದಿದ್ದೆ. ಅಲ್ಲದೆ ಮೂವತ್ತನಾಲ್ಕು ವರ್ಷ ಮಂದಿಯ ಹೊಲಕ್ಕೆ ಚಕ್ಕುಬಂದಿ ನೋಡಿದ ಕೈ. ಹೊಲದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಬರೆಯದಿದ್ದರೆ ಅದು ಹೊಲವೇ ಅಲ್ಲ. ಗಾಡಿಗೂ ಹಾಗೆಯೇ ಒಂದು ಹಾಳೆಯಲ್ಲಿ ಬರೆದೆ. ಪೂರ್ವಕ್ಕೆ ಪರರ ಹಾನಿ, ಪಶ್ಚಿಮಕ್ಕೆ ಸ್ವಂತ ಗಾಡಿಯ ಹಾನಿ, ಉತ್ತರಕ್ಕೆ ಕಳವು ಮತ್ತು ಬೆಂಕಿ, ದಕ್ಷಿಣಕ್ಕೆ ದಾರಿಯಲ್ಲಿ ಕೆಟ್ಟು ನಿಂತರೆ ಬಂದು ಎಳೆದೊಯ್ಯುವ ಸೇವೆ. ಸದರಿ ನಾಲ್ಕು ಎಲ್ಲೆಗಳ ಒಳಗೆ ಚಾಲಕ ಒಬ್ಬ, ಪಕ್ಕದಲ್ಲಿ ಧರ್ಮಪತ್ನಿ ಒಬ್ಬಳು.

"ನನ್ನ ಹೆಸರೀಗೆ ಎಷ್ಟು ಬರಸೀರಿ?" ಎಂದು ಧರ್ಮಪತ್ನಿ ಅಡಿಗೆಮನೆಯಿಂದಲೇ ಕೇಳಿದಳು. ಹೇಳಿದೆ. "ಗಾಡಿಗಿಂತ ಹೆಚ್ಚ ಅದಲ್ಲ, ಇರಲಿ," ಎಂದಳು.

ಕೊನೆಗೆ ವೈಜನಾಥನ ಮೊಬೈಲಿನಲ್ಲಿ ಇನ್ನೊಂದು ಸಣ್ಣ ಸಾಲು ಕಂಡಿತು. ಕೀಲಿ ಕಳೆದರೆ ಹೊಸ ಕೀಲಿಯ ಖರ್ಚು. ನನಗೆ ಕೀಲಿ ಎಲ್ಲಿಟ್ಟೆ ಎಂಬುದು ನೆನಪಿರುವುದಿಲ್ಲ ಎಂದು ಮನೆಯಲ್ಲಿ ಒಂದು ಆರೋಪ ಇದೆ. ಅದನ್ನೂ ಸೇರಿಸಲು ಹೇಳಿದೆ. ಕೀಲಿಗೇ ಇನ್ಶುರನ್ಸ್ ಮಾಡಿಸಿದವನನ್ನು ನೋಡಿ ಮಗಳು ಏನು ಮಾತಾಡುತ್ತಾಳೆ ನೋಡೋಣ ಎಂಬ ಯೋಚನೆಯೂ ಇತ್ತು.

ಹೊರಡುವಾಗ ವೈಜನಾಥ ಕೇಳಿದ. "ಲೈಸೆನ್ಸ್ ಚಾಲ್ತಿ ಅದಲ್ರಿ ಕಾಕಾ? ಇಲ್ಲಿ ಚಾಲ್ತಿ ಅದ ಅಂತ ಒಂದು ಗುರುತು ಹಾಕಬೇಕು."

"ಅದ. ದೇವರ ಜಗಲಿ ಮ್ಯಾಲ ಅದ."

"ದೇವರ ಹತ್ರ ಇದ್ರ ಫಿಕೀರ್ ಇಲ್ಲ ಬಿಡ್ರಿ," ಎಂದು ಗುರುತು ಹಾಕಿಕೊಂಡ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಯಲ್ಲಿ ಗಾಡಿಯ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜಗಲಿಯ ಮೇಲೆ ಇರುತ್ತವೆ. ಗಾಡಿ ಹೊರಟಾಗ ಚೀಲ ನಮ್ಮಾಕಿಯ ಬ್ಯಾಗಿಗೆ, ತಿರುಗಿ ಬಂದಮೇಲೆ ಮತ್ತೆ ಜಗಲಿಗೆ. ದಸರೆಯ ಖಂಡೆನವಮಿಗೆ ಕುಡಗೋಲು, ಕತ್ತರಿ, ಗಾಡಿಯ ಜೊತೆ ಆ ಕಾಗದಗಳಿಗೂ ಪೂಜೆ. ಕಚೇರಿಯಲ್ಲಿ ದಫ್ತರಕ್ಕೂ ಮೊಹರಿಗೂ ಪೂಜೆ ಮಾಡಿ ರೂಢಿಯಾಗಿತ್ತು, ಮನೆಯಲ್ಲೂ ನಾನೇ ಹಾಕಿದ ಪದ್ಧತಿ ಅದು. ವೈಜನಾಥ ಹೋದ ಮೇಲೆ ನಮ್ಮಾಕಿ, "ಅಲ್ರಿ, ಒಮ್ಮಿ ಆ ಚೀಲ ಬಿಚ್ಚಿ ಎಲ್ಲಾ ನೋಡಬಾರದೇನು?" ಎಂದಳು. "ದೇವರ ಮುಂದಿನ ಕಾಗದದಾಗ ನೋಡೂದೇನದ?" ಎಂದೆ.

ಚಕ್ಕುಬಂದಿಯ ಹಾಳೆಯನ್ನು ಇನ್ನೂ ತಿದ್ದುವುದಿತ್ತು. ಬೇರೆ ಎರಡು ಕಂಪನಿಗಳ ರೇಟನ್ನೂ ತರಿಸಿ, ಷರತ್ತಿಗೆ ಷರತ್ತು ಹೋಲಿಸಿ ನೋಡಿದೆ. ಹೀಗೆ ಪಾಲಿಸಿ ಮುಗಿಯುವ ದಿನ ಬಂತು. ಬೆಳಿಗ್ಗೆ ಎಲ್ಲ ಪಕ್ಕಾ ಮಾಡಿಕೊಂಡು, ದುಡ್ಡು ಕಳಿಸಬೇಕೆಂದು ಫೋನ್ ಕೈಗೆ ತೆಗೆದುಕೊಂಡೆ.

"ಇವತ್ತ ಅಮಾಸಿ," ಎಂದಳು ನಮ್ಮಾಕಿ.

ಆಕೆ ಇಷ್ಟೇ ಹೇಳಿದ್ದು. ಮಾಡಬೇಡಿ ಎಂದು ಹೇಳಲಿಲ್ಲ. ತಪ್ಪು ಆಕೆಯ ತಲೆಗೆ ಕಟ್ಟುವಂತಿಲ್ಲ, ಅನುಭವ ನನ್ನದು. ಅಮಾವಾಸ್ಯೆ ದಿನ ನಮ್ಮ ಕಚೇರಿಯ ಬಾಗಿಲು ತೆರೆದೇ ಇರುತ್ತಿತ್ತು, ಕಾಗದ ಮಾಡಿಸಲು ಒಬ್ಬರೂ ಬರುತ್ತಿರಲಿಲ್ಲ. ನಾವೆಲ್ಲ ಎರಡು ಸಲ ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವು. ಮೂವತ್ತನಾಲ್ಕು ವರ್ಷದಲ್ಲಿ ಅಮಾವಾಸ್ಯೆ ದಿನ ಒಂದು ಒಳ್ಳೆಯ ಕಾಗದ ಹುಟ್ಟಿದ್ದನ್ನು ನಾನು ಕಂಡಿಲ್ಲ. ಒಂದು ದಿನದಲ್ಲಿ ಏನಾಗುತ್ತದೆ ಎಂದು ಫೋನ್ ಕೆಳಗಿಟ್ಟೆ.

ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಫೋನ್ ಮಾಡಿದೆ.

"ಅದು ನಿನ್ನಿಗೇ ಮುಗದು ಹೋಯ್ತಲ್ರಿ ಕಾಕಾ," ಎಂದ ವೈಜನಾಥ.

"ನಿನ್ನಿ ಅಮಾಸಿ ಇತ್ತು."

"ಕಂಪನಿಗೆ ಅಮಾಸಿ ಗೊತ್ತಿಲ್ರಿ. ಒಂದು ದಿನ ತಪ್ಪಿದ್ರೂ ಗಾಡಿ ತಪಾಸಣಿ ಮಾಡಬೇಕಾಗ್ತದ. ನಾ ಒಂದು ಲಿಂಕ್ ಕಳಸ್ತೀನಿ. ಅದನ್ನ ಒತ್ತಿ, ಗಾಡಿ ಸುತ್ತ ಒಂದು ಸುತ್ತು ವಿಡಿಯೋ ತಗೀರಿ. ಅಲ್ಲೀತನಾ ಗಾಡಿ ರೋಡಿಗೆ ತಗೀಬ್ಯಾಡ್ರಿ."

ಲಿಂಕ್ ಒತ್ತಿದೆ. ಮೊಬೈಲನ್ನು ಎರಡೂ ಕೈಯಿಂದ ಹಿಡಿದು, ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ ಹಾಗೆ ನಿಧಾನವಾಗಿ ಒಂದು ಸುತ್ತು ಬಂದೆ. ಬಾನೆಟ್ಟು, ಬಾಗಿಲು, ಗಾಲಿ ಎಂದು ಬಾಯಿಂದ ಒಂದೊಂದೇ ಹೆಸರನ್ನೂ ಹೇಳಿದೆ. ಕಳಿಸಿದ ಅರ್ಧ ತಾಸಿಗೆ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ನಮಗೆ ಗಾಡಿ ಬೇಕಿತ್ತು. ಇದರಲ್ಲಿ ನೀವೇ ಇದ್ದೀರಿ."

ಕ್ಯಾಮರಾ ನನ್ನ ಕಡೆ ತಿರುಗಿತ್ತಂತೆ. ನಾಲ್ಕು ನಿಮಿಷ ನನ್ನ ಮೂಗು, ಹಿಂದೆ ಬೇವಿನ ಗಿಡ, ಆಗಾಗ ಆಕಾಶ. ನನ್ನ ವಯಸ್ಸನ್ನು ಕೇಳದ ಕಂಪನಿಗೆ ಅದನ್ನು ನಾನೇ ಹತ್ತಿರದಿಂದ ತೋರಿಸಿದ ಹಾಗಾಯಿತು.

ಎರಡನೇ ಸಲ ಖಾಜಾಭಾಯಿಯನ್ನು ಕರೆದೆ. ಅವರು ಮೊಬೈಲ್ ಹಿಡಿದು ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು. "ಸಾಹೇಬ್ರ, ಪತ್ರಾಸಿನ ಕೆಳಗ ಕತ್ತಲಿ ಅದ. ಜರಾ ಹಿಂದ ತಗೀರಿ, ಬಿಸಿಲಿಗೆ ಬರಲಿ," ಎಂದರು. ಗಾಡಿ ತಗಡಿನ ಶೆಡ್ಡಿನ ಕೆಳಗೆ ನಿಂತಿತ್ತು. ಅಂಗಳದಲ್ಲಿ ಹಿಂದಕ್ಕೆ ತೆಗೆಯಲು ನಾಲ್ಕು ಮಾರು ಜಾಗ ಇದೆ. ಆ ನಾಲ್ಕು ಮಾರಿನ ಕೊನೆಗೆ ನಮ್ಮಾಕಿ ಬಟ್ಟೆ ಒಗೆಯುವ ಕಲ್ಲು ಇದೆ. ಅದು ನನಗೆ ಗೊತ್ತಿಲ್ಲವೆಂದಲ್ಲ, ಆ ಕಲ್ಲನ್ನು ಹಾಕಿಸಿದವನೇ ನಾನು.

ಖಾಜಾಭಾಯಿ ವಿಡಿಯೋ ಆಗಲೇ ಶುರು ಮಾಡಿದ್ದರು. ಅವರು ಗಾಡಿಯ ಮುಂದೆ ಮೊಬೈಲ್ ಹಿಡಿದಿದ್ದರು, ನಾನು ಗಾಡಿಯನ್ನು ಹಿಂದಕ್ಕೆ ಬಿಡುತ್ತಿದ್ದೆ. ಮೊದಲನೇ ವಿಡಿಯೋದಲ್ಲಿ ಮುಖ ಸರಿಯಾಗಿ ಬಂದಿರಲಿಲ್ಲ ಎಂಬುದು ಮನಸ್ಸಿನಲ್ಲಿತ್ತು. ಹಿಂದೆ ನೋಡಬೇಕಾದವನು ಮುಂದೆ ಕ್ಯಾಮರಾ ನೋಡಿದೆ. ಸ್ವಲ್ಪ ನಕ್ಕೆ ಕೂಡ.

"ಬಸ್, ಬಸ್, ಬಸ್," ಎಂದರು ಖಾಜಾಭಾಯಿ. ಅಷ್ಟರಲ್ಲಿ ಹಿಂದೆ ಸಪ್ಪಳವಾಯಿತು.

ನಮ್ಮಾಕಿ ಓಡಿ ಬಂದು ಮೊದಲು ಕಲ್ಲನ್ನು ನೋಡಿದಳು. ಕಲ್ಲಿಗೆ ಏನೂ ಆಗಿರಲಿಲ್ಲ. ಹಿಂದಿನ ಬಂಪರ್ ಒಳಗೆ ಹೋಗಿತ್ತು. ಖಾಜಾಭಾಯಿ ಶಿಸ್ತಿನ ಮನುಷ್ಯ, ಡ್ಯೂಟಿ ಬಿಡಲಿಲ್ಲ. ಮೊಬೈಲ್ ಹಿಡಿದುಕೊಂಡೇ ನಡೆದು ಹಿಂದೆ ಬಂದು ಆ ಬಂಪರನ್ನೂ ಸವಿಸ್ತಾರವಾಗಿ ತೆಗೆದರು. ವಿಡಿಯೋ ಬಹಳ ಸ್ವಚ್ಛವಾಗಿ ಬಂದಿದೆ ಎಂದು ಕಂಪನಿಯವರು ಹೇಳಿದರು.

ಸಂಜೆಗೆ ಪಾಲಿಸಿ ಬಂತು. ನಾಲ್ಕೂ ದಿಕ್ಕು ಇತ್ತು, ಚಾಲಕ ಇದ್ದ, ಧರ್ಮಪತ್ನಿ ಇದ್ದಳು, ಕೀಲಿಯೂ ಇತ್ತು. ಕೊನೆಯಲ್ಲಿ ಒಂದು ಸಾಲು ಮಾತ್ರ ಹೊಸದು. ಹಿಂದಿನ ಬಂಪರಿನ ಹಾನಿ ಮೊದಲೇ ಇದ್ದದ್ದು, ಅದು ಇದರಲ್ಲಿ ಸೇರುವುದಿಲ್ಲ. ಪರವಾಗಿಲ್ಲ ಎಂದುಕೊಂಡೆ, ನನ್ನ ಅಭ್ಯಾಸ ಮುಂದಿನ ಬಂಪರಿನದು. ಪಾಲಿಸಿಯನ್ನು ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ಹಾಕಿಸಿ ಪೂರ್ತಿ ಓದಿದೆ. ಒಂದೂ ಅಕ್ಷರ ದೋಷ ಸಿಗಲಿಲ್ಲ.

ಮುಂದಿನ ಭಾನುವಾರ ಹುಮನಾಬಾದಿಗೆ ಹೊರಟೆವು. ಚೀಲ ಜಗಲಿಯಿಂದ ನಮ್ಮಾಕಿಯ ಬ್ಯಾಗಿಗೆ ಬಂತು, ಹೊಸ ಪಾಲಿಸಿಯನ್ನು ನಾನು ಕೈಯಾರೆ ಅದರೊಳಗೆ ಇಟ್ಟೆ. ಚೀಲದಲ್ಲಿದ್ದ ಬೇರೆ ಕಾಗದವನ್ನು ಆಗಲೂ ನೋಡಲಿಲ್ಲ. ಬಂಗ್ಲಾ ದಾಟಿದ ಕೂಡಲೇ ನಮ್ಮಾಕಿ ಎಮ್ಮೆಯ ಸುದ್ದಿ ತೆಗೆದಳು. ಪೂರ್ತಿ ಇನ್ಶುರನ್ಸ್ ಇದ್ದ ಗಾಡಿ, ಮನಸ್ಸು ಹಗುರಾಗಿತ್ತು, ಎಂದಿಗಿಂತ ಚೆನ್ನಾಗಿ ಕೇಳಿದೆ. ಆಕೆಯ ಕಾಕಾ ಎಮ್ಮೆಯನ್ನು ಹುಮನಾಬಾದಿನ ಸಂತೆಯಲ್ಲಿ ಮಾರಿದ್ದರು. ಕೊಂಡವರು ಹಗ್ಗ ಹಿಡಿದು ಹೊರಟರು. ರಾಜೇಶ್ವರದಲ್ಲಿ ಚಹಾ ಕುಡಿದೆವು. ಎಮ್ಮೆ ಅರ್ಧ ದಾರಿಯಲ್ಲಿ ಹಗ್ಗ ಹರಿದುಕೊಂಡಿತು. ಕಾಕಾ ಇತ್ತ ಮನೆಯಲ್ಲಿ ಊಟಕ್ಕೆ ಕೂತಿದ್ದರು.

"ಆವಾಗ ಹೊರಗ ಏನೋ ಸಪ್ಪಳಾತು ಅಂತ," ಎಂದಳು ನಮ್ಮಾಕಿ.

"ಏನ್ ಸಪ್ಪಳ?" ಎಂದು ನಾನು ಆಕೆಯ ಕಡೆ ತಿರುಗಿದೆ.

ಎಡಗಂಬದ ಸಪ್ಪಳ. ಈ ಸಲ ಬರೀ ಮುಟ್ಟಿದ್ದಲ್ಲ. ಎಡಗಡೆಯ ಲೈಟು ಒಡೆಯಿತು, ಬಂಪರು ಕಳಚಿ ಜೋತುಬಿತ್ತು, ಕಂಬದ ತಲೆಯ ಮೇಲಿನ ಗಿಲಾವು ಬಾನೆಟ್ಟಿನ ಮೇಲೆ ಉದುರಿತು. ನಮ್ಮಿಬ್ಬರಿಗೂ ಏನೂ ಆಗಲಿಲ್ಲ. ಸವಿತಾ ಬಾಗಿಲಿಗೆ ಬಂದು ನಿಂತಳು. ಅಳಿಯ ಅವಳ ಹಿಂದೆ ನಿಂತ.

ನಾನು ಗಾಬರಿಯಾಗಲಿಲ್ಲ. ಇನ್ಶುರನ್ಸ್ ಇರುವುದು ಇನ್ಯಾವುದಕ್ಕೆ? ಗಾಡಿಯಿಂದ ಇಳಿದು, ಅಂಗಿ ಕೊಡವಿಕೊಂಡು, "ಯಾರೂ ಏನೂ ಮುಟ್ಟಬ್ಯಾಡ್ರಿ, ಇದು ಕ್ಲೇಮ್ ಆಗ್ತದ," ಎಂದು ವೈಜನಾಥನಿಗೆ ಫೋನ್ ಮಾಡಿದೆ. ಅವನ ಮನೆ ಎರಡು ಓಣಿಯ ಆಚೆ. ಹತ್ತು ನಿಮಿಷದಲ್ಲಿ ಬಂದ. ಗಾಡಿಯ ಫೋಟೋ ತೆಗೆದ, ಕಂಬದ ಫೋಟೋ ತೆಗೆದ, ಆಮೇಲೆ ಪಡಸಾಲೆಯಲ್ಲಿ ಕೂತು ಕಾಗದ ಕೇಳಿದ. ನಮ್ಮಾಕಿ ಚೀಲ ಕೊಟ್ಟಳು. ಪಾಲಿಸಿ ತೆಗೆದ, ಬರೋಬ್ಬರಿ. ಗಾಡಿಯ ಆರ್‌ಸಿ ತೆಗೆದ, ಬರೋಬ್ಬರಿ. ಲೈಸೆನ್ಸ್ ಕಾರ್ಡ್ ತೆಗೆದು ಬೆಳಕಿಗೆ ಹಿಡಿದ.

"ಇದೇನ್ರಿ ಕಾಕಾ, ಕೆಂಪಗ?"

"ಕುಂಕುಮ."

"ಇಷ್ಟ ದಪ್ಪ ಅದಲ್ರಿ."

ಪ್ರತಿ ಖಂಡೆನವಮಿಗೆ ನೀರಲ್ಲಿ ಕಲಸಿದ ಅರಿಸಿನ, ಅದರ ಮೇಲೆ ಕುಂಕುಮ, ಒಂದೊಂದು ಬೊಟ್ಟು. ನಾನು ಶಿಸ್ತಿನ ಮನುಷ್ಯನಾದ್ದರಿಂದ ಎಲ್ಲೆಂದರಲ್ಲಿ ಇಡುತ್ತಿರಲಿಲ್ಲ. ಹೋದ ವರ್ಷ ಇಟ್ಟ ಜಾಗದಲ್ಲೇ ಈ ವರ್ಷವೂ, ಆಚೆ ಈಚೆ ಕದಲದ ಹಾಗೆ. ವರ್ಷದಿಂದ ವರ್ಷಕ್ಕೆ ಅದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ವೈಜನಾಥ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದ. ಮೊದಲು ಕುಂಕುಮ ಹೋಯಿತು, ಆಮೇಲೆ ಅರಿಸಿನ. ಕೆಳಗೆ ತಾರೀಖು ಇತ್ತು.

ಲೈಸೆನ್ಸ್ ಮುಗಿದು ಹದಿನಾಲ್ಕು ತಿಂಗಳಾಗಿತ್ತು.

ನನ್ನಂಥ ವಯಸ್ಸಿನವರು ಐದೈದು ವರ್ಷಕ್ಕೆ ಲೈಸೆನ್ಸ್ ಹೊಸದು ಮಾಡಿಸಬೇಕೆಂಬುದು ನನಗೆ ಗೊತ್ತಿತ್ತು. ಅರವತ್ತೈದಕ್ಕೆ ನಾನೇ ಹೋಗಿ ಮಾಡಿಸಿದ್ದೆ. ಎಪ್ಪತ್ತಕ್ಕೆ ಅದರ ಮೇಲೆ ಬೊಟ್ಟು ಇಟ್ಟು ಕೈ ಮುಗಿದಿದ್ದೆ.

ಮೊದಲು ಮಾತಾಡಿದವನು ನನ್ನ ಅಳಿಯ. "ಹೋದ ಸಲದ ಬಣ್ಣ ಉಳದದ್ರಿ," ಎಂದು ಹೇಳಿ ಕಂಬ ನೋಡಲು ಹೊರಗೆ ಹೋದ.

"ಮತ್ತ ಕ್ಲೇಮ್?" ಎಂದು ಕೇಳಿದೆ. ಧ್ವನಿ ನನ್ನದೇ, ಆದರೆ ಸಣ್ಣದಾಗಿತ್ತು.

"ಆಗೂದಿಲ್ರಿ ಕಾಕಾ. ಲೈಸೆನ್ಸ್ ಇಲ್ದ ಹೊಡದಂಗಾತು. ಗಾಡೀದೂ ಬರೂದಿಲ್ಲ. ದೇವರ ದಯಾ, ನಿಮಗ ಏನರ ಆಗಿದ್ರ ಅದೂ ಬರ್ತಿದ್ದಿಲ್ಲ." ಅವನಿಗೂ ಬೇಸರವಾಗಿತ್ತು. ಕಾರ್ಡನ್ನು ಒರೆಸಿ ಮೇಜಿನ ಮೇಲಿಟ್ಟ. "ಒಂದು ವರ್ಷ ದಾಟ್ಯದಲ್ರಿ, ಮತ್ತ ಪರೀಕ್ಷಾ ಕೊಡಬೇಕಾಗ್ತದ. ಕಲಿಯೋರ ಗತೆ ಎಲ್ ಬೋರ್ಡ್ ಹಚ್ಚಬೇಕು." ಆಮೇಲೆ ಸಮಾಧಾನಕ್ಕೆಂದು ಸೇರಿಸಿದ, "ಒಂದು ಚಲೋ ಅದ ನೋಡ್ರಿ. ಕ್ಲೇಮ್ ಮಾಡೂದಿಲ್ಲಲ್ಲ, ನಿಮ್ಮ ಬೋನಸ್ ಹಂಗ ಉಳೀತು."

ನನಗೆ ನಗು ಬರಲಿಲ್ಲ. ಹದಿನಾಲ್ಕು ತಿಂಗಳು, ತಿಂಗಳಿಗೆ ಎರಡು ಸಲ, ಆಕೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೆದ್ದಾರಿಯಲ್ಲಿ ಬಂದಿದ್ದೆ. ದಾರಿಯುದ್ದಕ್ಕೂ ಲಾರಿಗಳು. ಆ ಚೀಲ ಆಕೆಯ ತೊಡೆಯ ಮೇಲೆಯೇ ಇರುತ್ತಿತ್ತು. ಬಿಚ್ಚಿ ನೋಡಿ ಎಂದು ಆಕೆ ಹೇಳಿಯೂ ಇದ್ದಳು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಮಂದಿಯ ಕಾಗದವನ್ನು ಮಸಿ ಚುಕ್ಕೆಗೆ ವಾಪಸ್ ಕಳಿಸಿದ ಕಣ್ಣು ಇದೇನಾ ಎಂದು ಕನ್ನಡಕ ತೆಗೆದು ಒರೆಸಿದೆ.

ಸವಿತಾ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಸುಮ್ಮನೆ ಬಂದು ಅಂಗೈ ಚಾಚಿ ನಿಂತಳು. ಕಾಗದ ಹೆಚ್ಚುಕಮ್ಮಿ ಇದ್ದರೆ ಕೀಲಿ ನನ್ನ ಕೈಯಲ್ಲಿ ಎಂದು ಅವಳು ಹೇಳಿದ್ದಳು, ಚಹಾ ಕುಡಿಯುತ್ತ ನಾನು ಒಪ್ಪಿದ್ದೆ. ಜೇಬಿನಿಂದ ಕೀಲಿ ತೆಗೆದೆ. ಕೊಡುವ ಮುನ್ನ ಒಂದು ಕೊನೆಯ ಆಸೆ ಹುಟ್ಟಿತು. ವೈಜನಾಥನ ಕಡೆ ತಿರುಗಿದೆ.

"ವೈಜನಾಥ, ಕೀಲೀದು ಒಂದು ಬ್ಯಾರೆ ಬರಸಿದ್ವಲ್ಲ?"

ಅವನು ಪಾಲಿಸಿ ತೆಗೆದು ಆ ಸಾಲನ್ನು ಓದಿದ. ಪ್ರಾಮಾಣಿಕ ಮನುಷ್ಯ.

"ಕಳದ್ರ ಕೊಡ್ತಾರ್ರಿ ಕಾಕಾ, ಕದ್ರೂ ಕೊಡ್ತಾರ. ಮಗಳು ಇಸ್ಕೊಂಡ್ರ ಕೊಡೂದಿಲ್ಲ."

ಊಟ ಮಾಡಿ ಬಸ್ಸಿಗೆ ಹೊರಟೆವು. ಅಳಿಯ ಬಿಟ್ಟು ಬರುತ್ತೇನೆಂದು ಕೈಸನ್ನೆ ಮಾಡಿದ, ಅವನ ಕೈತುಂಬ ಬಣ್ಣವಿತ್ತು, ಬೇಡವೆಂದೆ. ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ನಮ್ಮಾಕಿಯನ್ನು ಮೆಟ್ಟಿಲು ಹತ್ತಿಸಲು ನಾನು ಹಿಂದಿನಿಂದ ಆಸರೆ ಕೊಟ್ಟೆ, ಮೇಲಿನಿಂದ ಒಬ್ಬ ಹೆಣ್ಣುಮಗಳು ಕೈ ಕೊಟ್ಟಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಟಿತು. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಬ್ರೇಕು ಒತ್ತುತ್ತಿತ್ತು.

"ಕಾಲು ಸುಮ್ಮ ಇಡ್ರಿ," ಎಂದಳು ನಮ್ಮಾಕಿ. "ಈ ಗಾಡಿಗೆ ಡ್ರೈವರ್ ಬ್ಯಾರೆ ಅದಾನ."

ಕಂಡಕ್ಟರ್ ಬಂದ. ಆಕೆಗೆ ಹೆಂಗಸರ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ನಾನು ಹಿರಿಯ ನಾಗರಿಕರ ರಿಯಾಯಿತಿ ಕೇಳಬೇಕೆಂದು, ವಯಸ್ಸಿನ ದಾಖಲೆಗೆ ಆ ಲೈಸೆನ್ಸ್ ಕಾರ್ಡನ್ನೇ ಜೇಬಿನಿಂದ ತೆಗೆದೆ. ಹುಟ್ಟಿದ ತಾರೀಖಿಗೆ ಅವಧಿ ಮುಗಿಯುವುದಿಲ್ಲವಲ್ಲ. ಅವನು ಕಾರ್ಡು ನೋಡಲಿಲ್ಲ, ನನ್ನ ಮುಖ ನೋಡಿದ.

"ಇರಲಿ ಬಿಡ್ರಿ ಯಜಮಾನ್ರ, ಕಾಣಸ್ತದ," ಎಂದು ಹಿರಿಯರ ಟಿಕೆಟ್ ಕೊಟ್ಟು ಮುಂದೆ ಹೋದ.

ರಾಜೇಶ್ವರ ಬಂತು, ಬಸ್ಸು ಚಹಾಕ್ಕೆ ನಿಲ್ಲಲಿಲ್ಲ. ನಮ್ಮಾಕಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇನ್ನು ಮನೆ ತಲುಪುವವರೆಗೆ ಮಾತಿಲ್ಲ, ಮನೆಗೆ ಹೋದರೆ ಗ್ಯಾಸು, ಕರೆಂಟು ಎಂದು ನಾನೂ ಸುಮ್ಮನಿದ್ದೆ. ಆಗ ಆಕೆ ನನ್ನ ಕಡೆ ತಿರುಗಿದಳು.

"ಕಾಕಾ ಊಟಕ್ಕ ಕೂತಿದ್ರು ಅಂದ್ನಲ್ರಿ. ಹೊರಗ ಸಪ್ಪಳಾತು ಅಂತ ಎದ್ದು ನೋಡ್ತಾರ, ಎಮ್ಮಿ ಬಂದು ಕೊಟ್ಟಿಗ್ಯಾಗ ತನ್ನ ಜಾಗಾದಾಗ ನಿಂತದ. ಅಷ್ಟ ದೂರದಿಂದ ಒಂದ ನಡದು ಬಂದದ. ಯಾರೂ ಹೊಡಕೊಂಡು ಬಂದಿಲ್ಲ."

ಹನ್ನೊಂದು ವರ್ಷದ ಮೇಲೆ ಎಮ್ಮೆ ಮನೆ ಮುಟ್ಟಿತು. ಗೇರು, ಬ್ರೇಕು, ಲಾರಿ, ಕಂಬ ಯಾವುದರ ಚಿಂತೆಯೂ ಇಲ್ಲದೆ ಆಕೆಯ ಮುಖ ನೋಡುತ್ತ ಕೇಳಿದ್ದು ಅದೇ ಮೊದಲು. ಆಮೇಲೆ ಏನಾಯಿತು ಎಂದು ಕೇಳಿದೆ, ಆಕೆ ಹೇಳುತ್ತ ಹೋದಳು.

ಬಂಗ್ಲಾ ದಾಟಿದ ಮೇಲೆ, ಕೈಯಲ್ಲಿದ್ದ ಟಿಕೆಟ್ಟನ್ನು ಕನ್ನಡಕದ ಹತ್ತಿರ ಹಿಡಿದೆ. ದುಡ್ಡು ನೋಡಲಿಲ್ಲ, ಊರು ನೋಡಲಿಲ್ಲ. ಮೊದಲು ತಾರೀಖು ನೋಡಿದೆ. ಇವತ್ತಿನದೇ ಇತ್ತು.